ಬಟ್ಟೆಯ ಮೂಲೆಯಲ್ಲಿ ನಾಲ್ಕು ಅಕ್ಷರ

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ಗೆ ವಿಮಾನದಲ್ಲಿ ಹೋದವರು ಮೊದಲು ಕಾಲಿಡುವುದು ಅಮಾಗರ್ ಎಂಬ ದ್ವೀಪದ ಮೇಲೆ. ವಿಮಾನ ನಿಲ್ದಾಣ ಇರುವುದೇ ಅಲ್ಲಿ. ಹೆಚ್ಚಿನವರು ಇಳಿದವರೇ ನೇರ ನಗರಕ್ಕೆ ಹೋಗಿಬಿಡುತ್ತಾರೆ. ನಿಲ್ದಾಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಸ್ಟೋರೆ ಮಾಗ್ಲೆಬಿ ಎಂಬ ಹಳ್ಳಿಯಿದೆ. ಮಗಳ ಮನೆಗೆ ಹೋಗಿದ್ದಾಗ ನಾನೂ ನನ್ನ ಹೆಂಡತಿಯೂ ಮೊಮ್ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಅಲ್ಲಿಗೆ ಹೋದೆವು. ಹಳೆಯ ರೈತರ ಮನೆಗಳಲ್ಲೇ ಅಮಾಗರ್ ಮ್ಯೂಸಿಯಂ ಇದೆ.

ಈ ಹಳ್ಳಿಯ ಕಥೆ ಬಲು ಸ್ವಾರಸ್ಯದ್ದು. ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್‌ನ ರಾಣಿ ಎಲಿಸಬೆತ್ ಬೆಳೆದದ್ದು ನೆದರ್ಲೆಂಡ್ಸ್ ಕಡೆಯಲ್ಲಿ. ಗಂಡನ ಮನೆಯಲ್ಲಿ ತವರಿನ ತರಕಾರಿ ಸಿಗಲಿಲ್ಲವಂತೆ. ದೊರೆ 1521ರಲ್ಲಿ ಡಚ್ ರೈತರನ್ನು ಕರೆಸಿ ಈ ದ್ವೀಪದಲ್ಲಿ ಜಮೀನು ಕೊಟ್ಟ. ಅವರು ಕ್ಯಾರೆಟ್, ಕೋಸು, ಈರುಳ್ಳಿ ಬೆಳೆದು ರಾಜಧಾನಿಗೆ ಸಾಗಿಸತೊಡಗಿದರು. ಕೋಪನ್‌ಹೇಗನ್ನಿನ ನಡುಮಧ್ಯದ ಒಂದು ಚೌಕಕ್ಕೆ ಇಂದಿಗೂ ಅಮಾಗರ್‌ಟಾರ್ವ್, ಅಂದರೆ ಅಮಾಗರ್ ಸಂತೆ ಚೌಕ ಎಂದೇ ಹೆಸರು. ಅಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಹೆಂಗಸರನ್ನು ಅವರ ಉಡುಪು ನೋಡಿಯೇ ಜನ ಗುರುತಿಸುತ್ತಿದ್ದರು. ನೆರಿಗೆ ನೆರಿಗೆಯಾದ ಉಣ್ಣೆಯ ಲಂಗ, ಮೇಲೊಂದು ಮುಂಬಟ್ಟೆ, ಮೈಗಂಟಿದ ಕುಪ್ಪಸ, ತಲೆಗೆ ಟೋಪಿ ಅಥವಾ ಚೌಕ. ಗಂಡಸರಿಗೆ ಮಂಡಿಯವರೆಗೆ ಬರುವ ಭಾರೀ ದೊಗಲೆ ಚಡ್ಡಿ, ಬೆಳ್ಳಿ ಗುಂಡಿಯ ಅಂಗಿ. ಹಬ್ಬಕ್ಕೆ ಒಂದು ಬಗೆ, ಸಾವಿನ ದುಃಖಕ್ಕೆ ಇನ್ನೊಂದು ಬಗೆ.

ವಲಸೆ ಬಂದ ಈ ಜನ ತಮ್ಮ ಭಾಷೆಯನ್ನೂ ಸುಲಭಕ್ಕೆ ಬಿಡಲಿಲ್ಲ. ಹಳ್ಳಿಯ ಚರ್ಚಿನಲ್ಲಿ 1811ರವರೆಗೆ ಪ್ರಾರ್ಥನೆ ನಡೆದದ್ದು ಡ್ಯಾನಿಶ್‌ನಲ್ಲಲ್ಲ, ಅವರ ಹಿರಿಯರು ತಂದ ಭಾಷೆಯಲ್ಲಿ. ಹತ್ತಿರ ಹತ್ತಿರ ಮುನ್ನೂರು ವರ್ಷ! ಕೊನೆಗೆ ಭಾಷೆ ಹೋಯಿತು. ಉಡುಪು ಮಾತ್ರ ಅದಾದ ಮೇಲೂ ಎಷ್ಟೋ ದಶಕ ಉಳಿಯಿತು. ಈಗ ಡೆನ್ಮಾರ್ಕಿನ ಜನಪದ ಉಡುಪುಗಳನ್ನು ಹೆಸರಿಸುವಾಗ ಅಮಾಗರ್ ಉಡುಪನ್ನು ಯಾರೂ ಬಿಡುವುದಿಲ್ಲ.

ಮೊಮ್ಮಗಳು ಗಾಜಿನೊಳಗಿನ ಲಂಗ ನೋಡುತ್ತ, "ತಾತ, ಹಾಗಾದರೆ ಇವರು ಡಚ್ಚರೋ ಡ್ಯಾನಿಶರೋ?" ಎಂದಳು. ಅವಳು ಹುಟ್ಟಿದ್ದು ಅಲ್ಲೇ. ಶಾಲೆಯಲ್ಲಿ ಡ್ಯಾನಿಶ್, ನಮ್ಮೊಡನೆ ಮುರುಕು ಕನ್ನಡ. "ಎರಡೂ ಹೌದು ಕಣೇ" ಎಂದೆ. ಅವಳು ಏನೂ ಅನ್ನಲಿಲ್ಲ, ಆದರೆ ಆ ಗಾಜಿನ ಮುಂದೆ ಬಹಳ ಹೊತ್ತು ನಿಂತಳು.

ಮಕ್ಕಳೇ, ಈ ಉಡುಪುಗಳ ಒಳಗೆ ತೊಡುತ್ತಿದ್ದ ಬಿಳಿ ಅಂಗಿಯ ಬಟ್ಟೆ ಯಾವುದು ಗೊತ್ತೇ? ಅದು ಹತ್ತಿಯಲ್ಲ, ಅಗಸೆಯ ನಾರು. ಹೌದು, ಉತ್ತರ ಕರ್ನಾಟಕದಲ್ಲಿ ರೊಟ್ಟಿಯ ಜೊತೆ ತಿನ್ನುವ ಅಗಸಿ ಚಟ್ನಿಯ ಅಗಸೆಯೇ! ನಮ್ಮಲ್ಲಿ ಬೀಜಕ್ಕಾಗಿ ಬೆಳೆಯುವ ಗಿಡ ಗಿಡ್ಡ, ಕವಲು ಜಾಸ್ತಿ. ಅಲ್ಲಿ ನಾರಿಗಾಗಿ ಬೆಳೆಯುವುದು ಎತ್ತರ, ನೆಟ್ಟಗೆ. ಅದನ್ನು ಕೊಯ್ಯದೆ ಬೇರುಸಹಿತ ಕೀಳುತ್ತಾರೆ. ನೀರಿನಲ್ಲೋ ಇಬ್ಬನಿಯಲ್ಲೋ ಕೊಳೆಸಿ, ಒಣಗಿಸಿ, ಬಡಿದು, ಬಾಚಿ ನಾರು ತೆಗೆಯಬೇಕು. ಆಮೇಲೆ ನೂಲಬೇಕು, ನೇಯಬೇಕು, ಹುಲ್ಲಿನ ಮೇಲೆ ಹರವಿ ಬಿಸಿಲಿನಲ್ಲಿ ಬೆಳ್ಳಗಾಗಿಸಬೇಕು. ಒಂದು ಅಂಗಿಯ ಹಿಂದೆ ಮನೆಯ ಹೆಂಗಸರ ತಿಂಗಳುಗಟ್ಟಲೆ ದುಡಿಮೆ ಇರುತ್ತಿತ್ತು.

ಕೋಪನ್‌ಹೇಗನ್, ರೊಸ್ಕಿಲ್ಡೆ, ಕೋಗೆ ಊರುಗಳ ನಡುವಿನ ಬಯಲಿಗೆ ಹೆಡೆಬೊ ಎಂದು ಹೆಸರು. ಅಲ್ಲಿಯ ಹೆಣ್ಣುಮಕ್ಕಳು ಈ ಬಿಳಿ ಬಟ್ಟೆಯ ಮೇಲೆ ಬಿಳಿ ದಾರದಿಂದಲೇ ಕಸೂತಿ ಹಾಕುತ್ತಿದ್ದರು. ಬಣ್ಣವೇ ಇಲ್ಲ! ಕೆಲವು ಎಳೆಗಳನ್ನು ಕತ್ತರಿಸಿ ಹೊರಗೆಳೆದು, ಉಳಿದ ಎಳೆಗಳಿಗೆ ದಾರ ಸುತ್ತಿ ಬಲೆಯಂತೆ ಚಿತ್ತಾರ ಮಾಡುತ್ತಿದ್ದರು. ಮದುವೆಯಾಗುವ ಹುಡುಗಿ ವರನಿಗೆ ಅಂತಹ ಅಂಗಿ ಹೊಲಿದು ಕೊಡುತ್ತಿದ್ದಳು. ಮನೆಯ ಬಟ್ಟೆಗಳ ಮೂಲೆಯಲ್ಲಿ ಒಡತಿಯ ಹೆಸರಿನ ಅಕ್ಷರಗಳನ್ನೂ ಎಷ್ಟೋ ಸಲ ಇಸವಿಯನ್ನೂ ಹೊಲಿಯುವ ರೂಢಿ ದೇಶದಲ್ಲೆಲ್ಲ ಇತ್ತು.

ಆ ಅಕ್ಷರಗಳನ್ನು ಓದುವುದು ಒಂದು ಒಗಟು ಬಿಡಿಸಿದಂತೆ. ಆಗ ಹಳ್ಳಿಯ ಜನರಿಗೆ ಮನೆತನದ ಹೆಸರು ಇರುತ್ತಿರಲಿಲ್ಲ. ಯೆನ್ಸ್ ಎಂಬವನ ಮಗ ಯೆನ್ಸೆನ್, ಮಗಳು ಯೆನ್ಸ್‌ಡಾಟರ್. ನಾವು ತಂದೆಯ ಹೆಸರಿನ ಇನಿಷಿಯಲ್ ಹಾಕಿಕೊಳ್ಳುವ ಹಾಗೆಯೇ. ಬಟ್ಟೆಯ ಮೇಲೆ ಎ, ಕೆ, ಜೆ, ಡಿ ಎಂಬ ನಾಲ್ಕು ಅಕ್ಷರಗಳಿದ್ದರೆ ಅದು ಆನ ಕಿರ್ಸ್ಟೀನ ಯೆನ್ಸ್‌ಡಾಟರ್ ಎಂಬಂಥ ಒಬ್ಬಳದು. ಕೊನೆಯ 'ಡಿ' ಎಂದರೆ ಮಗಳು.

ಈ 'ಡಿ'ಯ ಬೆಲೆ ಗೊತ್ತಾಗುವುದು ಸಮುದ್ರದಾಚೆ. 1850ರಿಂದ 1920ರೊಳಗೆ ಸುಮಾರು 3 ಲಕ್ಷ ಡ್ಯಾನಿಶರು ದೇಶ ಬಿಟ್ಟು ಹೋದರು, ಬಹುಪಾಲು ಅಮೆರಿಕಕ್ಕೆ. ಹೊಲ ಸಾಲದವರು, ಕೆಲಸ ಸಿಗದವರು, 1864ರ ಯುದ್ಧದಲ್ಲಿ ಊರೇ ಪರರಾಜ್ಯಕ್ಕೆ ಸೇರಿಹೋದವರು. ಮರದ ಪೆಟ್ಟಿಗೆಯಲ್ಲಿ ಹಾಸಿಗೆ ಬಟ್ಟೆ, ಅಂಗಿ, ಚೌಕ ತುಂಬಿಕೊಂಡು ಹಡಗು ಹತ್ತಿದರು. ಅಲ್ಲಿ ಯೆನ್ಸೆನ್ ಎಂಬುದೇ ಎಲ್ಲರಿಗೂ ಮನೆತನದ ಹೆಸರಾಯಿತು, ಹೆಣ್ಣುಮಕ್ಕಳಿಗೂ. ಮೊಮ್ಮಕ್ಕಳ ಕಾಲಕ್ಕೆ ಭಾಷೆ ಮರೆತುಹೋಯಿತು. ಅಜ್ಜಿ ಯಾರ ಮಗಳು ಎಂದು ಹುಡುಕುವವರಿಗೆ ಬಟ್ಟೆಯ ಮೂಲೆಯ ಅಕ್ಷರಗಳೇ ಒಂದು ಸುಳಿವು.

ಅಯೋವಾ ರಾಜ್ಯದ ಎಲ್ಕ್ ಹಾರ್ನ್ ಎಂಬ ಪುಟ್ಟ ಊರಿನಲ್ಲಿ ಇಂತಹ ವಲಸಿಗರದೇ ಒಂದು ಮ್ಯೂಸಿಯಂ ಇದೆ. ವಂಶದ ಬೇರು ಹುಡುಕುವವರಿಗೆ ಅಲ್ಲಿ ನೆರವು ಕೊಡುತ್ತಾರೆ. ಆ ಊರಿನವರು 1976ರಲ್ಲಿ ಡೆನ್ಮಾರ್ಕಿನಿಂದ 1848ರ ಗಾಳಿಗಿರಣಿಯೊಂದನ್ನು ಬಿಚ್ಚಿ ತಂದು ನಿಲ್ಲಿಸಿಕೊಂಡರು! ಕ್ಯಾಲಿಫೋರ್ನಿಯದಲ್ಲಿ 1911ರಲ್ಲಿ ಡ್ಯಾನಿಶರು ಕಟ್ಟಿದ ಸಾಲ್ವಾಂಗ್ ಎಂಬ ಊರಿನಲ್ಲಿ ಇಂದಿಗೂ ಹಬ್ಬದ ದಿನ ಹಳೆಯ ಮಾದರಿಯ ಲಂಗ ಟೋಪಿ ತೊಟ್ಟು ಕುಣಿಯುತ್ತಾರೆ.

ಒಂದು ಕಡೆ ವಲಸೆ ಬಂದವರು ತಂದ ಉಡುಪು, ಇನ್ನೊಂದು ಕಡೆ ವಲಸೆ ಹೋದವರು ಒಯ್ದ ಬಟ್ಟೆ. ಎರಡು ಕಡೆಯೂ ಮಾತು ಮೊದಲು ಹೋಯಿತು, ಬಟ್ಟೆ ಉಳಿಯಿತು. ಆದರೆ ಬಟ್ಟೆಗೆ ಬಾಯಿಲ್ಲ. ಹೆಸರು ಹೊಲಿದಿದ್ದರೆ ಮಾತ್ರ ಅದು ಮಾತಾಡುತ್ತದೆ.

ಅಜ್ಜ ಅಜ್ಜಿಯರೇ, ನಿಮ್ಮ ಪೆಟ್ಟಿಗೆಯಲ್ಲಿ ಮದುವೆ ಸೀರೆಯೋ, ಅಮ್ಮ ಹೊಲಿದ ಕೌದಿಯೋ ಇದ್ದರೆ ಈ ಭಾನುವಾರ ಹೊರಗೆ ತೆಗೆಯಿರಿ. ಯಾರದು, ಯಾವ ಊರಿನದು, ಯಾವ ವರ್ಷದ್ದು ಎಂದು ಮಕ್ಕಳ ಕೈಯಲ್ಲೇ ಒಂದು ಚೀಟಿ ಬರೆಸಿ ಮಡಿಕೆಯೊಳಗೆ ಇಡಿ. ಮಕ್ಕಳೇ, ಅಕ್ಷರ ದುಂಡಗಿರಲಿ. ಓದುವವರು ಇನ್ನೂ ಹುಟ್ಟಿಲ್ಲ.