ಕ್ಯಾಮೆರಾ ಒಪ್ಪದ ಫೋಟೋ

ನಮ್ಮ ಮನೆಯ ಬೀರುವಿನಲ್ಲಿ ಒಂದು ಹಳೇ ಡಿಜಿಟಲ್ ಕ್ಯಾಮೆರಾ ಇದೆ. 2005ರಲ್ಲಿ ಮಗ ತಂದುಕೊಟ್ಟದ್ದು. ಐದು ಮೆಗಾಪಿಕ್ಸೆಲ್. ಆಗ ನೋಡಲು ಬೀದಿಯವರೆಲ್ಲ ಬಂದಿದ್ದರು. ಈಗ ಎಂಟನೇ ತರಗತಿಯ ಮೊಮ್ಮಗ ಅದನ್ನು ಅಂಗೈ ಮೇಲೆ ತೂಗಿ ನೋಡಿ, "ತಾತಾ, ಇದನ್ನು ಮ್ಯೂಸಿಯಂಗೆ ಕೊಟ್ಟುಬಿಡೋಣ" ಅನ್ನುತ್ತಾನೆ. ಕೊಡದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು.

ನನಗೆ ಒಬ್ಬಳೇ ಅಕ್ಕ. ಎಂಬತ್ತನಾಲ್ಕು ವರ್ಷ. ತೀರ್ಥಹಳ್ಳಿಯಿಂದ ಆಚೆ ಒಂದು ಒಂಟಿ ಮನೆಯಲ್ಲಿ ಮಗನ ಜೊತೆ ಇದ್ದಾಳೆ. ಮಳೆ ಹಿಡಿದರೆ ಅಲ್ಲಿ ಕರೆಂಟೂ ಇಲ್ಲ, ಫೋನಿನ ಸಿಗ್ನಲ್ಲಂತೂ ಬೇಸಿಗೆಯಲ್ಲೂ ಇಲ್ಲ. ನಮ್ಮ ಅಪ್ಪಯ್ಯ ಶಾಲಾ ಮೇಷ್ಟ್ರು. 1959ರಲ್ಲಿ ತೀರಿಕೊಂಡರು. ಆಗ ನನಗೆ ಒಂಬತ್ತು. ಅವರ ದನಿ, ಛತ್ರಿ ಊರುವ ಸದ್ದು ನೆನಪಿದೆ. ಮುಖ ನೆನಪಿಲ್ಲ. ಮನೆಯಲ್ಲಿದ್ದ ಒಂದೇ ಫೋಟೋವನ್ನು ಒಂದು ಮಳೆಗಾಲದ ಸೋರುವ ಮಾಡು ಮತ್ತು ಗೆದ್ದಲು ಸೇರಿ ಮುಗಿಸಿದ್ದವು.

ಹೋದ ವರ್ಷ ಪುಣೆಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ಹಳೇ ಟ್ರಂಕು ಖಾಲಿ ಮಾಡುವಾಗ ಒಂದು ಗುಂಪು ಫೋಟೋ ಸಿಕ್ಕಿತಂತೆ. ಹನ್ನೊಂದು ಜನ ಮೇಷ್ಟ್ರುಗಳು. ಹಿಂದೆ ಪೆನ್ಸಿಲಿನಲ್ಲಿ 1956 ಅಂತ ಬರೆದಿದೆ. "ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರು ದೊಡ್ಡಪ್ಪ ಅಂತ ನಮ್ಮಮ್ಮ ಹೇಳುತ್ತಿದ್ದರು" ಎಂದು ಬರೆದು ಅದನ್ನು ನನ್ನ ಫೋನಿಗೆ ಕಳಿಸಿದ. ಆ ರಾತ್ರಿ ನಾನು ಮೂರನೆಯವರನ್ನು ಎಷ್ಟು ಹೊತ್ತು ನೋಡಿದೆನೋ. ಕಪ್ಪು ಕೋಟು, ಬಿಗಿದ ತುಟಿ. ಇವರೇ ಅಪ್ಪಯ್ಯ ಎಂದು ಮನಸ್ಸಿಗೆ ಹೇಳಿಕೊಟ್ಟೆ.

ಅಕ್ಕನಿಗೆ ತೋರಿಸಬೇಕಲ್ಲ. ಮೊದಲು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಬಸ್ಸಿನಲ್ಲಿ ಹೋಗಿ ಕೊಟ್ಟೆ. ಅವಳ ಕಣ್ಣು ಬಹಳ ಮಂಜಾಗಿದೆ. ಕಾಗದವನ್ನು ಹಿಂದೆ ಮುಂದೆ ಹಿಡಿದು, "ಮಸಿ ಚೆಲ್ಲಿದ ಹಾಗೆ ಕಾಣ್ತದೆ ಮಾರಾಯ" ಎಂದಳು. ಫೋನು ಅವಳ ಪಾಲಿಗೆ ಬೆಂಕಿಪೊಟ್ಟಣ. ಆದರೆ ಟಿವಿ ಮಾತ್ರ ಕಾಣುತ್ತದೆ. ಹೊಟ್ಟೆ ಉಬ್ಬಿದ ಹಳೇ ಡಬ್ಬಾ ಟಿವಿ. ಒಂದು ಅಡಿ ದೂರದಲ್ಲಿ ಸ್ಟೂಲು ಹಾಕಿಕೊಂಡು ಧಾರಾವಾಹಿ ನೋಡುತ್ತಾಳೆ. ಬೆಳಕು ಒಳಗಿನಿಂದ ಬಂದರೆ ಅವಳಿಗೆ ಗುರುತು ಸಿಗುತ್ತದೆ. ಆ ಟಿವಿಗೆ ಪೆನ್‌ಡ್ರೈವ್ ಹಾಕುವ ಜಾಗ ಇಲ್ಲ, ಹಳದಿ ಮತ್ತು ಬಿಳಿ ತೂತುಗಳು ಮಾತ್ರ ಇವೆ. ವಾಪಸು ಬರುವಾಗ ಬಸ್ಸು ಮಂಡಗದ್ದೆ ದಾಟುತ್ತಿದ್ದಂತೆ ನನಗೆ ಹೊಳೆಯಿತು: ನಮ್ಮ ಹಳೇ ಕ್ಯಾಮೆರಾದ ಡಬ್ಬಿಯಲ್ಲಿ ಹಳದಿ ಬಿಳಿ ತುದಿಯ ವೈರು ಇದೆ!

ಕೆಲಸ ಸುಲಭ ಎಂದುಕೊಂಡೆ. ಫೋಟೋವನ್ನು ಕಂಪ್ಯೂಟರಿನಿಂದ ಕ್ಯಾಮೆರಾದ ಕಾರ್ಡಿಗೆ ಹಾಕುವುದು, ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸುವುದು. ಆಯಿತಲ್ಲ?

ಆಗಲಿಲ್ಲ. ಮೊಮ್ಮಗ ತಂದ ಹೊಸ 32 ಜಿಬಿ ಕಾರ್ಡನ್ನು ಕ್ಯಾಮೆರಾ ಕಾರ್ಡೆಂದೇ ಒಪ್ಪಲಿಲ್ಲ. ಅಂಥ ದೊಡ್ಡ ಕಾರ್ಡುಗಳ ಪದ್ಧತಿ ಬಂದದ್ದೇ 2006ರಲ್ಲಿ, ನಮ್ಮದು ಅದಕ್ಕೂ ಹಿಂದಿನದು. ಹಳೇ 512 ಎಂಬಿ ಕಾರ್ಡನ್ನೇ ಹುಡುಕಿ ತೆಗೆದೆವು. ಅದಕ್ಕೆ ಫೋಟೋ ಹಾಕಿ ಗುಂಡಿ ಒತ್ತಿದರೆ, "ಚಿತ್ರಗಳಿಲ್ಲ" ಎಂದಿತು. ಇದೆ ಮಹರಾಯ, ಈಗ ತಾನೇ ನಾನೇ ಹಾಕಿದೆನಲ್ಲ!

"ಆ ಫೋಟೋ ಎದುರಿಗಿಟ್ಟು ಕ್ಯಾಮೆರಾದಲ್ಲೇ ಒಂದು ಫೋಟೋ ಹೊಡೀರಿ, ಮುಗೀತು" ಎಂದಳು ನನ್ನಾಕೆ. ಹೊಡೆದೆವು. ಕಂಪ್ಯೂಟರ್ ಪರದೆಯ ಫೋಟೋದಲ್ಲಿ ಮೇಷ್ಟ್ರುಗಳ ಮೇಲೆಲ್ಲ ಕಾಮನಬಿಲ್ಲಿನ ಗೆರೆ ಬಂತು. ಪ್ರಿಂಟಿನ ಫೋಟೋ ಹೊಡೆದರೆ ಹೊಳಪು ಕಾಗದದಲ್ಲಿ ನಮ್ಮ ಟ್ಯೂಬ್‌ಲೈಟೇ ಹನ್ನೆರಡನೆಯ ಮೇಷ್ಟ್ರಾಗಿ ಕೂತಿತ್ತು. ಅಕ್ಕನ ಕಣ್ಣಿಗೆ ಅದು ಸಾಲದು.

ಆಗ ಮೊಮ್ಮಗ ಓದಿ ತಿಳಿದುಕೊಂಡು ನನಗೆ ಪಾಠ ಮಾಡಿದ. ಮಕ್ಕಳೇ, ನಿಮ್ಮ ಮನೆಯಲ್ಲೂ ಹಳೇ ಕ್ಯಾಮೆರಾ ಇದ್ದರೆ ಕಾರ್ಡನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿ. 'ಡಿಸಿಐಎಂ' ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ 100ರಿಂದ 999ರವರೆಗಿನ ಒಂದು ಸಂಖ್ಯೆಯಿಂದ ಶುರುವಾಗುವ ಇನ್ನೊಂದು ಫೋಲ್ಡರ್. ಅದರೊಳಗೆ ಚಿತ್ರಗಳು. ಪ್ರತಿ ಚಿತ್ರದ ಹೆಸರಿಗೂ ಎಂಟೇ ಸ್ಥಾನ: ಮೊದಲ ನಾಲ್ಕು ಕಂಪನಿಯ ಗುರುತು, ಉಳಿದ ನಾಲ್ಕು 0001ರಿಂದ 9999ರವರೆಗಿನ ಕ್ರಮಸಂಖ್ಯೆ. 1998ರಲ್ಲಿ ಜಪಾನಿನ ಉದ್ಯಮ ಸಂಘವೊಂದು ಮಾಡಿದ ನಿಯಮ ಇದು. ಒಂದು ಕ್ಯಾಮೆರಾದ ಕಾರ್ಡನ್ನು ಇನ್ನೊಂದು ಕ್ಯಾಮೆರಾದಲ್ಲಿ ಹಾಕಿದರೂ ಚಿತ್ರ ಕಾಣಲಿ, ಅಂಗಡಿಯ ಪ್ರಿಂಟರಿಗೂ ತಿಳಿಯಲಿ ಎಂಬ ಉದ್ದೇಶ.

ನನಗೆ ತಕ್ಷಣ ಅರ್ಥವಾಯಿತು. ಇದು ನಮ್ಮ ಬ್ಯಾಂಕಿನ ಲೆಡ್ಜರು! ಲೆಡ್ಜರ್ ಸಂಖ್ಯೆ, ಪುಟದ ಸಂಖ್ಯೆ ಇಲ್ಲದ ಚೀಟಿಯನ್ನು ನಾವೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ನಾನು ಫೋಟೋಕ್ಕೆ 'ಅಪ್ಪಯ್ಯ' ಎಂದು ಪ್ರೀತಿಯಿಂದ ಹೆಸರಿಟ್ಟು ಎಲ್ಲಿಯೋ ಇಟ್ಟಿದ್ದೆ. ಕ್ಯಾಮೆರಾಕ್ಕೆ ಅಪ್ಪಯ್ಯ ಯಾರು? ಅದಕ್ಕೆ ಬೇಕಾದದ್ದು ನಂಬರು. ಸರಿ, ಕ್ಯಾಮೆರಾ ತಾನೇ ತೆಗೆದ ಕೊನೆಯ ಚಿತ್ರ 0412, ನಮ್ಮದಕ್ಕೆ ಅದೇ ಮಾದರಿಯಲ್ಲಿ 0413 ಎಂದು ಹೆಸರು ಕೊಟ್ಟು ಸರಿಯಾದ ಫೋಲ್ಡರಿಗೆ ಹಾಕಿದೆವು.

ಈ ಸಲ ಉತ್ತರ ಬದಲಾಯಿತು: "ಈ ಚಿತ್ರವನ್ನು ತೋರಿಸಲಾಗದು."

ಅಷ್ಟೇ. ಏಕೆ ಅಂತಿಲ್ಲ. ಏನು ಬೇಕು ಅಂತಿಲ್ಲ. ಆ ಒಂದು ಸಾಲು ನೋಡುತ್ತಾ ಕೂತಾಗ ನನಗೆ ನಲವತ್ತು ವರ್ಷದ ಹಿಂದಿನ ಒಂದು ಸಂಗತಿ ನೆನಪಾಗಿ ಕಿವಿ ಬಿಸಿಯಾಯಿತು. ಯಾವ ಬ್ಯಾಂಕು, ಯಾವ ಊರು ಎನ್ನುವುದು ಬೇಡ. ಕೌಂಟರಿನಲ್ಲಿ ನಾನಿದ್ದೆ. ಒಬ್ಬ ಮುದುಕರು ದುಡ್ಡು ತೆಗೆಯಲು ಬಂದರು. ಕೈ ನಡುಗುತ್ತಿತ್ತು. ಚೀಟಿಯ ಸಹಿಗೂ ಇಪ್ಪತ್ತು ವರ್ಷದ ಹಿಂದೆ ಕಾರ್ಡಿನಲ್ಲಿ ಹಾಕಿದ್ದ ಸಹಿಗೂ ಸಂಬಂಧವೇ ಇರಲಿಲ್ಲ. "ಸಹಿ ತಾಳೆಯಾಗಲ್ಲ" ಎಂದು ವಾಪಸು ಕೊಟ್ಟೆ. ಬೆಂಚಿನ ಮೇಲೆ ಕೂತು ಮತ್ತೊಂದು ಬರೆದುಕೊಂಡು ಬಂದರು. ತಾಳೆಯಾಗಲ್ಲ. ಮೂರನೇ ಸಲ ಬಂದಾಗ ಅವರ ಮುಖದಲ್ಲಿ ಬೆವರಿತ್ತು. ಕೊನೆಗೆ ಹಿಂದಿನಿಂದ ನಮ್ಮ ಅಧಿಕಾರಿಗಳೇ ಎದ್ದು ಬಂದು, ಊರಿನ ಇಬ್ಬರು ಪರಿಚಿತರ ಎದುರು ಹೆಬ್ಬೆಟ್ಟು ತೆಗೆದುಕೊಂಡು, ಹೊಸ ಕಾರ್ಡು ಮಾಡಿ ದುಡ್ಡು ಕೊಡಿಸಿದರು. ಹತ್ತು ನಿಮಿಷದ ಕೆಲಸ. ಆ ದಾರಿ ನನಗೂ ಗೊತ್ತಿತ್ತು. ಹೇಳಿರಲಿಲ್ಲ, ಅಷ್ಟೇ. ನಾನು ನಿಯಮವನ್ನೇನೂ ಮುರಿದಿರಲಿಲ್ಲ, ನೋಡಿ. ಕ್ಯಾಮೆರಾವೂ ಮುರಿದಿಲ್ಲ.

"ತಾತಾ, ಮಲಗಿದ್ರಾ?" ಎಂದ ಮೊಮ್ಮಗ.

ಮತ್ತೆ ಕೆಲಸಕ್ಕೆ ಕೂತೆವು. ಇಬ್ಬರಿಗೂ ಮೂರು ಭಾನುವಾರ ಹಿಡಿಯಿತು. ತಿಳಿದದ್ದು ಇಷ್ಟು. ಜೆಪಿಇಜಿ ಚಿತ್ರಗಳಲ್ಲಿ ಎರಡು ಬಗೆ. ಒಂದು, ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ತೆರೆದುಕೊಳ್ಳುವುದು. ಇನ್ನೊಂದು, ಮೊದಲು ಮಸುಕಾಗಿ ಪೂರ್ತಿ ಬಂದು ಆಮೇಲೆ ನಿಚ್ಚಳವಾಗುವುದು. ಕಂಪ್ಯೂಟರಿಗೆ ಎರಡೂ ಒಂದೇ, ಹಳೇ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಮೊದಲನೆಯದು ಮಾತ್ರ ಗೊತ್ತು. ನಾವು ಕಲೆ ತೆಗೆಯಲು ಬಳಸಿದ ತಂತ್ರಾಂಶ ಎರಡನೇ ಬಗೆಯಲ್ಲಿ ಉಳಿಸಿತ್ತು. ಜೊತೆಗೆ ಅಳತೆ. ನಮ್ಮ ಕ್ಯಾಮೆರಾ ತೆಗೆಯುವ ಚಿತ್ರ 2592 ಚುಕ್ಕಿ ಅಗಲ, 1944 ಚುಕ್ಕಿ ಎತ್ತರ. ಅಪ್ಪಯ್ಯನವರ ಫೋಟೋ ಅದಕ್ಕಿಂತ ಅಗಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಸೇರಿಸಿ ಸರಿಮಾಡಿದೆವು. ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ, ಹನ್ನೊಂದರಲ್ಲಿ ಯಾರನ್ನು ಬಿಡುವುದು?

ಇನ್ನು ಕಡೆಯದು. ಡಿಜಿಟಲ್ ಚಿತ್ರದ ಒಳಗೆ ಕಣ್ಣಿಗೆ ಕಾಣದ ಒಂದು ಚೀಟಿ ಇರುತ್ತದೆ, 'ಎಕ್ಸಿಫ್' ಅಂತ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಬೆಳಕು, ಎಲ್ಲ ಅದರಲ್ಲಿ. 160ಕ್ಕೆ 120 ಚುಕ್ಕಿಯ ಒಂದು ಪುಟಾಣಿ ಪ್ರತಿಯೂ ಅಲ್ಲೇ ಅಂಟಿಕೊಂಡಿರುತ್ತದೆ. ಚಿತ್ರಗಳನ್ನೆಲ್ಲ ಒಟ್ಟಿಗೆ ಚಿಕ್ಕದಾಗಿ ತೋರಿಸುವಾಗ ಕ್ಯಾಮೆರಾ ನೋಡುವುದು ಆ ಪುಟಾಣಿಯನ್ನು. ಪುಣೆಯಿಂದ ಬಂದ ಫೋಟೋದಲ್ಲಿ ಈ ಚೀಟಿಯೇ ಇರಲಿಲ್ಲ. ಮೊಮ್ಮಗ ನಮ್ಮ ಗೋಡೆಯದೊಂದು ಫೋಟೋ ಹೊಡೆದು, ಅದರ ಚೀಟಿಯನ್ನು ನಕಲು ಮಾಡಿ ಅಪ್ಪಯ್ಯನವರ ಫೋಟೋಕ್ಕೆ ಅಂಟಿಸಿದ.

ಬಂತು! ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಹನ್ನೊಂದು ಮೇಷ್ಟ್ರುಗಳು. ಆದರೆ ಚಿಕ್ಕ ಚಿತ್ರಗಳ ಸಾಲಿಗೆ ಹೋದರೆ ಅಲ್ಲಿ ನಮ್ಮ ಗೋಡೆ, ಕ್ಯಾಲೆಂಡರು. ಚೀಟಿಯ ಜೊತೆ ಗೋಡೆಯ ಪುಟಾಣಿಯೂ ಬಂದುಬಿಟ್ಟಿತ್ತು! ಅದನ್ನೂ ಬದಲಿಸಿದೆವು.

"ತಾತಾ, ಇದು ಫೋರ್ಜರಿ ಅಲ್ವಾ? ಕ್ಯಾಮೆರಾ ತೆಗೆಯದ ಫೋಟೋನ ತಾನೇ ತೆಗೆದದ್ದು ಅಂತ ನಂಬಿಸಿದ್ದೀವಿ" ಎಂದ ಹುಡುಗ. ಬ್ಯಾಂಕಿನವನ ಮೊಮ್ಮಗ ಹೌದು. ನನಗೂ ಅದೇ ಚುಚ್ಚುತ್ತಿತ್ತು. ಕ್ಯಾಮೆರಾದ ಗಡಿಯಾರದ ಬ್ಯಾಟರಿ ಸತ್ತು ತಾರೀಕು 1-1-2005ಕ್ಕೆ ನಿಂತಿತ್ತು, ಫೋಟೋಕ್ಕೂ ಅದೇ ಬಂದಿತ್ತು. 1956 ಎಂದು ತಿದ್ದುತ್ತೇನೆ ಎಂದ. ಯಾವ ತಿಂಗಳು, ಯಾವ ದಿನ ಎಂದು ಬರೆಯುತ್ತೀ? ಗೊತ್ತಿಲ್ಲದ ದಿನಾಂಕ ಬರೆಯುವುದು ಬೇಡ ಎಂದೆ. ಒಂದು ಕಾಗದದಲ್ಲಿ "0413ನೇ ಚಿತ್ರ ಈ ಕ್ಯಾಮೆರಾದ್ದಲ್ಲ, ತಾರೀಕು ನಿಜವಲ್ಲ" ಎಂದು ಬರೆದು ಸಹಿ ಹಾಕಿ ಕ್ಯಾಮೆರಾದ ಚೀಲದಲ್ಲಿಟ್ಟೆ. ಈಗಲೂ ಇದೆ. ಹುಡುಗ ನಕ್ಕ, ನಗಲಿ.

ದಸರಾ ರಜೆಯಲ್ಲಿ ಇಬ್ಬರೂ ಹೋದೆವು. ಹಳದಿಗೆ ಹಳದಿ, ಬಿಳಿಗೆ ಬಿಳಿ ಸಿಕ್ಕಿಸಿದೆವು. ಟಿವಿಯಲ್ಲಿ ಚಿತ್ರ ರಾಟೆಯ ಹಾಗೆ ಮೇಲಕ್ಕೆ ಉರುಳತೊಡಗಿತು. ಕ್ಯಾಮೆರಾದ ಮೆನುವಿನಲ್ಲಿ ಅಮೆರಿಕ, ಜಪಾನಿನ ಕಡೆಯ 'ಎನ್‌ಟಿಎಸ್‌ಸಿ' ಇತ್ತು. ನಮ್ಮ ದೇಶದ ಟಿವಿಗೆ ಬೇಕಾದ 'ಪಾಲ್'ಗೆ ಬದಲಿಸಿದ ಮೇಲೆ ನಿಂತಿತು. ಅಕ್ಕ ಸ್ಟೂಲು ಎಳೆದುಕೊಂಡಳು.

"ಹಿಂದಿನ ಸಾಲು, ಎಡದಿಂದ ಮೂರನೆಯವರು" ಎಂದು ನಾನು ತೋರಿಸಿದೆ. ಮೊಮ್ಮಗ ಝೂಮ್ ಒತ್ತಿದ. ಕಪ್ಪು ಕೋಟಿನವರ ಮುಖ ಪರದೆ ತುಂಬಿತು. ಅಕ್ಕ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಏನೂ ಹೇಳಲಿಲ್ಲ. ಕಣ್ಣಿಗೆ ಇದೂ ಕಾಣಲಿಲ್ಲವೇನೋ ಎಂದು ನನಗೆ ಎದೆ ಕುಸಿಯಿತು.

"ಇವರು ಅಪ್ಪಯ್ಯ ಅಲ್ಲ ಮಾರಾಯ" ಎಂದಳು. "ಇವರು ಹೆಡ್‌ಮೇಷ್ಟ್ರು. ನನಗೆ ಲೆಕ್ಕ ಬರದಿದ್ದಕ್ಕೆ ಕೈಗೆ ಹೊಡೆದವರು. ಮರೀತೀನಾ?"

ಮೊಮ್ಮಗ ಬಾಣದ ಗುಂಡಿ ಒತ್ತುತ್ತಾ ಒಬ್ಬೊಬ್ಬರನ್ನೇ ಪರದೆಗೆ ತಂದ. ಹಿಂದಿನ ಸಾಲು ಮುಗಿಯಿತು. ಮುಂದಿನ ಸಾಲಿನಲ್ಲಿ ಕುರ್ಚಿಯ ತುದಿಗೆ ಸರಿದು ಕೂತ ಒಬ್ಬರ ಬಳಿ ಬಂದಾಗ, "ನಿಲ್ಲಿಸು" ಎಂದಳು ಅಕ್ಕ. ತೆಳ್ಳನೆ ಮನುಷ್ಯ. ಮೊಣಕಾಲುಗಳ ನಡುವೆ ಛತ್ರಿ. ಮೂರು ತಿಂಗಳು ಫೋನಿನಲ್ಲಿ ಈ ಚಿತ್ರ ನೋಡಿದ್ದೇನೆ, ಒಂದು ದಿನವೂ ಈ ಮನುಷ್ಯನ ಮೇಲೆ ನನ್ನ ಕಣ್ಣು ನಿಂತಿರಲಿಲ್ಲ.

"ಕಿವಿ ನೋಡು" ಎಂದು ಅಕ್ಕ ಗಾಜಿನ ಮೇಲೆ ಬೆರಳಿಟ್ಟಳು. ಹೊರಗೆ ಚಾಚಿದ, ಮೇಲ್ತುದಿ ಸ್ವಲ್ಪ ಮಡಚಿದ ಕಿವಿ.

ಮೊಮ್ಮಗ ಟಿವಿ ನೋಡಿದ, ತಿರುಗಿ ನನ್ನನ್ನು ನೋಡಿದ, ಆಮೇಲೆ ಎದ್ದು ಹೋಗಿ ಅಕ್ಕನ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತ.