ಕೂಡುವ ಹದ, ಅಗಲುವ ಹದ

ಕ್ಷಣಮಾತ್ರ ದುಡಿದು, ಉಳಿದೆಲ್ಲ ಕಾಲ ಸುಮ್ಮನಿರಬೇಕಾದ ಅಂಗವೊಂದು ಮೋಟಾರು ಕಾರಿನಲ್ಲಿದೆ. ಅದೇ ಸ್ಟಾರ್ಟರ್. ನಿಂತ ಎಂಜಿನನ್ನು ಎಬ್ಬಿಸುವುದು ಅದರ ಕಾಯಕ. ಎಂಜಿನ್ ಎದ್ದೊಡನೆ ಹಿಂದೆ ಸರಿಯುವುದು ಅದರ ಧರ್ಮ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬರುವುದಕ್ಕೆ ಮೊದಲು ಈ ಕೆಲಸವನ್ನು ಸಾಮಾನ್ಯವಾಗಿ ಮನುಷ್ಯನ ತೋಳೇ ಮಾಡಬೇಕಾಗಿತ್ತು. ಹಿಡಿಕೆ ತಿರುಗಿಸುವಾಗ ಎಂಜಿನ್ ಹಿಮ್ಮುಖವಾಗಿ ಒದ್ದರೆ ಕೈಮೂಳೆ ಮುರಿಯುವುದೂ ಉಂಟು.

ಆ ಕೆಟರಿಂಗ್ ದುಡಿದ ಡೇಟನ್ ನಗರ ಅಮೆರಿಕದ ಓಹಾಯೋ ರಾಜ್ಯದಲ್ಲಿದೆ. ಅಲ್ಲಿಯ ಒಬ್ಬ ವೃದ್ಧರ ಬಳಿ 1972ರ ಷೆವರ್ಲೆ ಕಾರೊಂದಿತ್ತು. ಎಂಟು ಸಿಲಿಂಡರುಗಳ, 5.7 ಲೀಟರಿನ ಎಂಜಿನ್. ಕೈಯಿಂದ ಬದಲಿಸುವ ಗೇರು. ಎಡಮೊಣಕಾಲು ಸೋತ ಮೇಲೆ ಅವರಿಗೆ ಕ್ಲಚ್ಚನ್ನು ತುಳಿಯಲಾಗಲಿಲ್ಲ. ಕಾರು ಮಾರುವ ಮಾತು ಮನೆಯಲ್ಲಿ ಬಂದಾಗ ಅವರು ಬೇಡವೆನ್ನಲಿಲ್ಲ, ಆದರೆ ಅಂದು ಊಟ ಮಾಡಲಿಲ್ಲ. ಅದನ್ನು ಕಂಡ ಮಗ ಹಳೆಯ ಗೇರುಪೆಟ್ಟಿಗೆಯನ್ನು ಇಳಿಸಿ ಸ್ವಯಂಚಾಲಿತ ಗೇರುಪೆಟ್ಟಿಗೆಯನ್ನು ಕೂಡಿಸಲು ಸಂಕಲ್ಪಿಸಿದನು.

ಎರಡು ವಾರದಲ್ಲಿ ಆ ದೊಡ್ಡ ಕೆಲಸ ಮುಗಿಯಿತು. ಭಾರವಾದ ಫ್ಲೈವೀಲ್ ಹೋಗಿ, ಅದರ ಸ್ಥಾನಕ್ಕೆ ಫ್ಲೆಕ್ಸ್‌ಪ್ಲೇಟ್ ಎಂಬ ತೆಳುವಾದ ಉಕ್ಕಿನ ತಟ್ಟೆ ಬಂದಿತು. ಸ್ಟಾರ್ಟರ್ ಮಾತ್ರ ಹಳೆಯದೇ ಇದ್ದಿತು. ಕೀಲಿ ತಿರುಗಿಸಿದಾಗ ಅದು ಭರ್ರೆಂದು ತಿರುಗಿತು, ಎಂಜಿನ್ ಅಲುಗಲಿಲ್ಲ. ಒಳಗಿನ ಏಕಮುಖ ಕ್ಲಚ್ ಜಾರುತ್ತಿದೆಯೆಂದು ಭಾವಿಸಿದ ಮಗ, ಅದೇ ಬಗೆಯ ಹೊಸ ಸ್ಟಾರ್ಟರನ್ನು ತಂದು ಬಿಗಿದನು. ಸದ್ದು ಬದಲಾಗಲಿಲ್ಲ. ಬಾಗಿಲಲ್ಲಿ ಕುಳಿತಿದ್ದ ತಂದೆ ಒಂದೇ ಮಾತು ಕೇಳಿದರು: "ಹಲ್ಲುಗಳನ್ನು ಎಣಿಸಿದೆಯಾ?"

ಎಣಿಸಿರಲಿಲ್ಲ. ಸೀಮೆಸುಣ್ಣದಿಂದ ಒಂದು ಹಲ್ಲಿಗೆ ಗುರುತಿಟ್ಟು, ಎಂಜಿನನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ ಎಣಿಸಿದಾಗ ತಟ್ಟೆಯ ಅಂಚಿನಲ್ಲಿ 153 ಹಲ್ಲುಗಳು ಕಂಡವು. ಕಳಚಿಟ್ಟಿದ್ದ ಫ್ಲೈವೀಲಿನಲ್ಲಿ 168. ಈ ಎಂಜಿನಿಗೆ ಎರಡು ಅಳತೆಯ ಚಕ್ರಗಳೂ ಉಂಟು: 168 ಹಲ್ಲಿನದು ಸುಮಾರು 14 ಅಂಗುಲ ವ್ಯಾಸದ್ದು, 153 ಹಲ್ಲಿನದು ಸುಮಾರು 12¾ ಅಂಗುಲದ್ದು. ತ್ರಿಜ್ಯದಲ್ಲಿ ಉಳಿಯುವ ಅಂತರ ಹೆಚ್ಚುಕಡಿಮೆ 16 ಮಿಲಿಮೀಟರ್. ಆದ್ದರಿಂದ ದೊಡ್ಡ ಚಕ್ರದ ಸ್ಟಾರ್ಟರಿಗೆ ಬೋಲ್ಟಿನ ತೂತುಗಳು ಓರೆಯಾಗಿರುತ್ತವೆ; ಚಿಕ್ಕ ಚಕ್ರದ್ದಕ್ಕೆ ನೇರವಾಗಿರುತ್ತವೆ. ಮಗನ ಸ್ಟಾರ್ಟರ್ ಕೆಟ್ಟಿರಲಿಲ್ಲ. ಇಲ್ಲದ ಚಕ್ರವನ್ನು ಹುಡುಕುತ್ತಿತ್ತು. ಪುಣ್ಯಕ್ಕೆ ಆ ಎಂಜಿನ್ನಿನ ಬ್ಲಾಕಿನಲ್ಲಿ ಎರಡೂ ಬಗೆಗೆ ಬೇಕಾದ ತೂತುಗಳಿದ್ದವು.

ನೇರ ತೂತುಗಳ ಸ್ಟಾರ್ಟರ್ ಬಂದಿತು. ಮೊದಲು ಬ್ಯಾಟರಿಯ ಋಣ ತಂತಿಯನ್ನು ಕಳಚಲಾಯಿತು, ಏಕೆಂದರೆ ಸ್ಟಾರ್ಟರಿನ ದಪ್ಪ ತಂತಿಯಲ್ಲಿ ಕೀಲಿ ಆರಿದ್ದರೂ ವಿದ್ಯುತ್ತು ಇದ್ದೇ ಇರುತ್ತದೆ. ಬಿಗಿಯಲು ಸಾಮಾನ್ಯ ಬೋಲ್ಟುಗಳು ಸಲ್ಲವು. ನಡುವಿನಲ್ಲಿ ಗೀರುಗಳುಳ್ಳ, ತೂತಿಗೆ ಸರಿಯಾಗಿ ತುಂಬಿ ನಿಲ್ಲುವ ಬೋಲ್ಟುಗಳೇ ಸ್ಟಾರ್ಟರನ್ನು ತನ್ನ ನೆಲೆಯಲ್ಲಿ ಹಿಡಿಯುತ್ತವೆ. ಸಡಿಲವಾದವನ್ನು ಹಾಕಿದರೆ ಅದು ಪ್ರತಿಸಲವೂ ಅಲುಗಿ, ಕೊನೆಗೆ ಅದರ ಮೂತಿಯ ಕಿವಿಯೇ ಮುರಿಯಬಹುದು.

ಈ ಸಲ ಎಂಜಿನ್ ಎದ್ದಿತು. ಆದರೆ ಕೀಲಿ ಬಿಟ್ಟ ಮೇಲೆ ಕೀಚಲು ಧ್ವನಿಯೊಂದು ಉಳಿಯಿತು. ಇಲ್ಲಿ ಧ್ವನಿಯ ಅರ್ಥವನ್ನು ಅರಿಯಬೇಕು. ಎಂಜಿನ್ ಎದ್ದೇಳುವ ಮುನ್ನ, ತಿರುಗಿಸುವಾಗಲೇ ಕೀಚಲು ಕೇಳಿದರೆ ಹಲ್ಲುಗಳ ನಡುವೆ ತೆರಪು ಹೆಚ್ಚಿದೆಯೆಂದು ತಿಳಿಯಬೇಕು. ಎದ್ದ ಮೇಲೆ, ಕೀಲಿ ಬಿಡುವಾಗ ಕೇಳಿದರೆ ತೆರಪು ಕಡಿಮೆಯಿದೆ. ಪಿನಿಯನ್ ಬಿಡಿಸಿಕೊಳ್ಳಲಾರದೆ ಒದ್ದಾಡುತ್ತಿದೆ. ಒಂಬತ್ತು ಹಲ್ಲಿನ ಪಿನಿಯನ್ 153 ಹಲ್ಲಿನ ಚಕ್ರದಲ್ಲಿ ಸಿಕ್ಕಿಕೊಂಡರೆ ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಅದು ಹದಿನೇಳು ಸುತ್ತು ತಿರುಗಬೇಕಾಗುತ್ತದೆ. ಏಕಮುಖ ಕ್ಲಚ್ ಮೋಟಾರನ್ನು ಸ್ವಲ್ಪ ಹೊತ್ತು ಕಾಯಬಹುದು, ಸದಾ ಕಾಯಲಾರದು.

ಮತ್ತೆ ಬ್ಯಾಟರಿ ಕಳಚಿ, ಪಿನಿಯನನ್ನು ಕೈಯಿಂದ ಮುಂದಕ್ಕೆ ಎಳೆದು ಹಲ್ಲುಗಳ ನಡುವೆ ತಂತಿ ತೂರಿಸಿ ನೋಡಲಾಯಿತು. ಬೇಕಾದ ತೆರಪು ಸುಮಾರು 0.5ರಿಂದ 0.9 ಮಿಲಿಮೀಟರ್, ಅಲ್ಲಿ ಅಷ್ಟಿರಲಿಲ್ಲ. ಸ್ಟಾರ್ಟರಿಗೂ ಬ್ಲಾಕಿಗೂ ನಡುವೆ 0.4 ಮಿಲಿಮೀಟರಿನ ಒಂದು ಷಿಮ್ ಸೇರಿತು. ಕಾಗದದ ನಾಲ್ಕೈದು ಹಾಳೆಗಳಷ್ಟೇ ದಪ್ಪದ ಆ ಲೋಹದ ತುಂಡು ಸ್ಟಾರ್ಟರನ್ನು ಚಕ್ರದಿಂದ ತುಸು ದೂರ ಇಳಿಸಿತು.

ಹತ್ತಿರವಾಗುವುದೇ ಕೂಡುವುದಲ್ಲ. ತೀರ ದೂರವಿದ್ದುದು ಎಬ್ಬಿಸಲಾರದು. ತೀರ ಬಿಗಿಯಾಗಿ ಹಿಡಿದುದು ಎದ್ದವನನ್ನು ಬಿಡಲಾರದು. ಮೊದಲನೆಯ ದೋಷಕ್ಕೆ ಮಗ ಹಣ ತೆತ್ತನು. ಎರಡನೆಯದನ್ನು ಕಿವಿಗೊಟ್ಟು ತಿದ್ದಿದನು. ಎಣಿಕೆ, ಅಳತೆ, ಆಲಿಕೆ ಈ ಮೂರೂ ಬಲ ಪ್ರಯೋಗಕ್ಕಿಂತ ಮುಂಚೆ ಬರಬೇಕಾದವು.

ಆ ಸಂಜೆ ಕೀಲಿ ತಂದೆಯ ಕೈಗೆ ಹೋಯಿತು. ಎಂಜಿನ್ ಎದ್ದಿತು, ಸ್ಟಾರ್ಟರ್ ಸದ್ದಿಲ್ಲದೆ ಹಿಂದೆ ಸರಿಯಿತು. ವೃದ್ಧರು ಎಡಗಾಲನ್ನು ಅಭ್ಯಾಸಬಲದಿಂದ ಒಮ್ಮೆ ಎತ್ತಿ, ಅಲ್ಲಿ ತುಳಿಯಲು ಏನೂ ಇಲ್ಲವೆಂದು ನೆನಪಾಗಿ ಮೆಲ್ಲನೆ ಕೆಳಗಿಟ್ಟರು. ಮಗ ಕಾರಿಗೆ ಹತ್ತಲಿಲ್ಲ. ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟು ನಿಂತನು.