89, ಅಪ್ಪ ಮತ್ತು ನನ್ನ ಪ್ರೋಗ್ರಾಮು

ಇಲ್ಲಿ ಏನಾದ್ರೂ ಬರೆದು ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಅದೇ ಗೋಳು... ಬಿಡಿ. ಇದನ್ನ ಮಾತ್ರ ಹೇಳಿಬಿಡ್ತೀನಿ.

ಹೋದ ಭಾನುವಾರ ಅಪ್ಪ ಫೋನಿನಲ್ಲಿ ಒಂದು ಲೆಕ್ಕ ಹೇಳಿದ್ರು. ಅಪ್ಪ ಗಣಿತದ ಮೇಷ್ಟ್ರು, ಈಗ ರಿಟೈರ್ಡು. ಒಂದು ಸಂಖ್ಯೆ ತಗೊಂಡು, ಅದನ್ನ ತಿರುಗಿಸಿ ಬರೆದು ಕೂಡಬೇಕು. ಬಂದ ಉತ್ತರಕ್ಕೂ ಹಾಗೇ. 'ವಿಕಟಕವಿ' ಥರ ಎರಡೂ ಕಡೆಯಿಂದ ಒಂದೇ ಆಗುವವರೆಗೆ. 57ಕ್ಕೆ 75 ಕೂಡಿದ್ರೆ 132. ಅದಕ್ಕೆ 231 ಕೂಡಿದ್ರೆ 363, ಮುಗೀತು. ಆದರೆ 89 ಮಹಾ ಹಟಮಾರಿ. "ನನಗೆ 24 ಹೆಜ್ಜೆ ಬಂತು ಕಣೋ, ಕೊನೆಗೆ 8813200023188. ಸರಿ ಇದೆಯಾ ನೋಡು" ಅಂದ್ರು. ಅಮ್ಮ ನೋಟ್‌ಬುಕ್ಕಿನ ಫೋಟೋ ಕಳಿಸಿದಳು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅಕ್ಷರ ಸ್ವಲ್ಪ ದೊಡ್ಡದಾಗಿದೆ, ಆದರೂ ಅದೇ ಗುಂಡು ಗುಂಡು ಅಂಕಿಗಳು.

ಕಾಲೇಜಿನ ಅಭ್ಯಾಸ, ಸಿ ಭಾಷೆಯಲ್ಲೇ ಹತ್ತು ಸಾಲು ಗೀಚಿ 24 ಹೆಜ್ಜೆ ಪ್ರಿಂಟ್ ಮಾಡಿಸಿದೆ. 16ರವರೆಗೆ ಎರಡೂ ಒಂದೇ. ಆಮೇಲೆ ಬೇರೆ ಬೇರೆ. ಅರ್ಧ ಗಮನ ಟೀವಿ ಕಡೆ ಇತ್ತು. "ಅಪ್ಪಾ, 17ನೇ ಹೆಜ್ಜೇಲಿ ತಪ್ಪಿದ್ದೀರಿ" ಅಂದುಬಿಟ್ಟೆ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇರಬಹುದು... ಕಣ್ಣು ಮೊದಲಿನ ಹಾಗಿಲ್ಲ."

ಬುಧವಾರ ಅಮ್ಮನ ಫೋನು. ಸಂಜೆ ಲೆಕ್ಕ ಕಲಿಯೋಕೆ ಬರ್ತಿದ್ದ ಪಕ್ಕದ ಮನೆ ಹುಡುಗರನ್ನ ಅಪ್ಪ ಬರಬೇಡಿ ಅಂದಿದ್ದಾರಂತೆ. "ಕೂಡೋದೇ ತಪ್ಪುವವನು ಏನು ಹೇಳಿಕೊಡ್ಲಿ" ಅಂದ್ರಂತೆ.

ರಾತ್ರಿ ಮತ್ತೆ ಪ್ರೋಗ್ರಾಮ್ ತೆಗೆದು ನೋಡಿದೆ. 3602001953ಕ್ಕೆ 3591002063 ಕೂಡಿ ನನ್ನ ಕಂಪ್ಯೂಟರ್ ಕೊಟ್ಟ ಉತ್ತರ 2898036720! ಕೂಡಿದ ಎರಡು ಸಂಖ್ಯೆಗಿಂತಲೂ ಮೊತ್ತ ಚಿಕ್ಕದು. ಒಂದನೇ ಕ್ಲಾಸಿನ ಹುಡುಗನೂ ನಗ್ತಾನೆ. ನಾನು ಬಳಸಿದ್ದು 32 ಬಿಟ್‌ನ ಅನ್‌ಸೈನ್ಡ್ ಇಂಟು. ಅದರಲ್ಲಿ 4294967295ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸೋದಿಲ್ಲ. ಮೇಲೆ ಹೋದ್ರೆ ಹಳೇ ಸ್ಕೂಟರಿನ ಮೀಟರ್ ಥರ ಮತ್ತೆ ಸೊನ್ನೆಯಿಂದ ಶುರು. ಎರರ್ ಕೂಡ ಕೊಡಲ್ಲ ಪಾಪಿ! ಪೈಥಾನಿನಲ್ಲಿ ಬರೆದೆ, ಅದಕ್ಕೆ ಈ ಮಿತಿ ಇಲ್ಲ. 24ನೇ ಸಾಲು: 8813200023188.

ಬೆಳಿಗ್ಗೆ ಆರಕ್ಕೇ ಫೋನ್ ಮಾಡಿ ಎಲ್ಲಾ ಒಪ್ಪಿಕೊಂಡೆ.

"ಅಂದ್ರೆ ನಿನ್ನ ಮಿಷನ್ನು ದಶಕ ಬಿಟ್ಟಿದೆ" ಅಂದ್ರು ಅಪ್ಪ. ಹೂಂ, ಅಷ್ಟೇ! ಅದಕ್ಕಿಂತ ಚೆನ್ನಾಗಿ ನನ್ನ ಲೆಕ್ಚರರ್ರೂ ಹೇಳಿರಲಿಲ್ಲ :-)

ಆಮೇಲೆ 196ರ ಕಥೆ ಹೇಳಿದೆ. ಜಾನ್ ವಾಕರ್ ಅನ್ನೋರು 1987ರಲ್ಲಿ ಕಂಪ್ಯೂಟರಿಗೆ ಅದನ್ನ ಕೊಟ್ಟು, 1990ರವರೆಗೆ ಓಡಿಸಿದ್ರು. 24 ಲಕ್ಷಕ್ಕೂ ಹೆಚ್ಚು ಹೆಜ್ಜೆ, ಹತ್ತು ಲಕ್ಷ ಅಂಕಿಯ ಸಂಖ್ಯೆ, ಆದರೂ ವಿಕಟಕವಿ ಆಗಲಿಲ್ಲ. ಎಂದೂ ಆಗೋದೇ ಇಲ್ಲ ಅಂತ ಸಾಧಿಸಿದವರೂ ಇಲ್ಲ.

ನಿನ್ನೆ ಸಂಜೆ ಮತ್ತೆ ಮಾಡಿದೆ. "ಆಮೇಲೆ ಮಾಡೋ, ಹುಡುಗರು ಬಂದಿದ್ದಾರೆ. 196 ಕೊಟ್ಟಿದ್ದೀನಿ" ಅಂತ ಇಟ್ಟುಬಿಟ್ಟರು.